ಹಾಲಿಗೊಂದು ಅಳತೆ, ಮನೆಗೊಂದು ಅಳತೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಮ್ಮ ನಿರ್ದೇಶಕರೊಬ್ಬರು ಮನೆ ಕಂದಾಯದ ಬಗ್ಗೆ ಆಡಿದ ಮಾತುಗಳು)



ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು, ಭಾಷಣ ಮಾಡಿ ಅಭ್ಯಾಸವಿಲ್ಲ. ಬೆಳ್ಳಿಹಬ್ಬಕ್ಕೆ ಒಬ್ಬೊಬ್ಬ ನಿರ್ದೇಶಕರು ಒಂದೊಂದು ವಿಷಯ ಮಾತಾಡಬೇಕು ಅಂತ ಅಧ್ಯಕ್ಷರು ಅಪ್ಪಣೆ ಮಾಡಿದಾಗ, ಹಸು ಸಾಕಾಣಿಕೆ, ಮೇವು, ಕೆಚ್ಚಲು ಬಾವು ಇವನ್ನೆಲ್ಲ ನನಗಿಂತ ಚೆನ್ನಾಗಿ ತಿಳಿದವರು ಆಗಲೇ ಹಂಚಿಕೊಂಡಿದ್ದರು. ನನ್ನ ಪಾಲಿಗೆ ಉಳಿದದ್ದು ಯಾರಿಗೂ ಬೇಡವಾದ ವಿಷಯ: ಮನೆ ಕಂದಾಯ. ಹಾಲಿನ ಸಂಘಕ್ಕೂ ಮನೆ ಕಂದಾಯಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಹೇಳುತ್ತೇನೆ. ಅದರ ಜೊತೆಗೆ ನನ್ನದೇ ಒಂದು ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2000ದಲ್ಲಿ ನಮ್ಮ ಸಂಘ ಶುರುವಾದಾಗ ನನಗೆ ಇಪ್ಪತ್ತರ ಆಸುಪಾಸು. ಅದಕ್ಕೆ ಮುಂಚೆ ಸೈಕಲ್ ಮೇಲೆ ಬರುವ ವ್ಯಾಪಾರಿಗೆ ಹಾಲು ಹಾಕುತ್ತಿದ್ದೆವು. ಗಟ್ಟಿ ಹಾಲಿಗೂ ಅದೇ ರೇಟು, ನೀರು ಬೆರೆಸಿದ ಹಾಲಿಗೂ ಅದೇ ರೇಟು. ಅವನು ಎರಡು ಕಾಸು ಜಾಸ್ತಿ ಕೊಟ್ಟರೂ ನಷ್ಟ ಯಾರಿಗೆ? ಒಳ್ಳೇ ಹಾಲು ಹಾಕುವವರಿಗೆ. ಸಂಘ ಬಂತು, ಲ್ಯಾಕ್ಟೋಮೀಟರ್ ಬಂತು, ಫ್ಯಾಟ್ ನೋಡುವುದು ಬಂತು. ಮೊದಮೊದಲು ಎಷ್ಟು ಜಗಳ ಆಯಿತು, ಹಿರಿಯರಿಗೆ ನೆನಪಿರಬೇಕು. ಆದರೆ ಆರು ತಿಂಗಳಲ್ಲಿ ಎಲ್ಲರಿಗೂ ಒಂದು ಮಾತು ಮನದಟ್ಟಾಯಿತು. ರೇಟು ಎಷ್ಟು ಅನ್ನೋದು ಆಮೇಲಿನ ಮಾತು. ಮೊದಲು ಎಲ್ಲರ ಹಾಲಿಗೂ ಒಂದೇ ಅಳತೆ ಇರಬೇಕು. ಅಳತೆ ಸರಿಯಿಲ್ಲದ ಕಡೆ ರೇಟು ಏರಿಸಿದರೂ ಅನ್ಯಾಯ, ಇಳಿಸಿದರೂ ಅನ್ಯಾಯ.

ಮನೆ ಕಂದಾಯದ ವಿಷಯದಲ್ಲೂ ನಾನು ಹೇಳಬೇಕಾದ್ದು ಇಷ್ಟೇ. ಆದರೆ ಇದು ನನಗೆ ತಿಳಿಯುವಷ್ಟರಲ್ಲಿ ಬಹಳ ತಡವಾಗಿತ್ತು.

2018ರಲ್ಲಿ ನಾನು, ನನ್ನ ತಮ್ಮ ಸೇರಿ ಅಪ್ಪನ ಕಾಲದ ನಾಡಹೆಂಚಿನ ಮನೆ ಕೆಡವಿ ಹದಿನೈದು ಚದರದ ತಾರಸಿ ಮನೆ ಕಟ್ಟಿಸಿದೆವು. 2022ರಲ್ಲಿ ಪಂಚಾಯಿತಿಯವರು ಕಂದಾಯದ ದರವನ್ನು ನೂರಕ್ಕೆ ಇಪ್ಪತ್ತರಷ್ಟು ಏರಿಸಬೇಕು ಅಂತ ಗ್ರಾಮಸಭೆಯಲ್ಲಿ ಪ್ರಸ್ತಾಪ ತಂದರು. ಆವತ್ತು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. "ಬೀದಿ ದೀಪ ಉರಿಯಲ್ಲ, ಚರಂಡಿ ಹೂಳು ತೆಗೆದಿಲ್ಲ, ಬಡವರ ಮೇಲೆ ಬರೆ ಹಾಕಬೇಡಿ" ಅಂತ ಮೇಜು ಕುಟ್ಟಿದೆ. ಜನ ಚಪ್ಪಾಳೆ ತಟ್ಟಿದರು. ಪ್ರಸ್ತಾಪ ಅಲ್ಲಿಗೇ ನಿಂತಿತು. ನಾನೂ ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ ಮೀಸೆ ತಿರುವಿಕೊಂಡು ಬಂದೆ.

ಮಾರನೇ ವರ್ಷ ಒಂದು ದಿನ ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ನಮ್ಮ ಬೀದಿಯ ಕೊನೆಮನೆ ಅಜ್ಜಿ ಬಂದರು. ಗಂಡ ಇಲ್ಲ, ಒಂದೇ ಹಸು, ಎರಡು ಲೀಟರ್ ಹಾಲು. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದು, "ಡೈರೆಟ್ರಪ್ಪ, ಇದರಲ್ಲಿ ಏನ್ ಬರೆದವ್ರೆ ಒಸಿ ಓದು" ಅಂದರು. ಅದು ಮನೆ ಕಂದಾಯದ ರಸೀದಿ. ಒಟ್ಟು 402 ರೂಪಾಯಿ.

ನಾನು ಓದಿ ಹೇಳಿದೆ. ಮೂಲ ಕಂದಾಯ 300 ರೂಪಾಯಿ. ಅದರ ಮೇಲೆ ಉಪಕರಗಳು: ಆರೋಗ್ಯ ಕರ ನೂರಕ್ಕೆ 15ರಂತೆ 45 ರೂಪಾಯಿ, ಶಿಕ್ಷಣ ಕರ ನೂರಕ್ಕೆ 10ರಂತೆ 30 ರೂಪಾಯಿ, ಗ್ರಂಥಾಲಯ ಕರ ನೂರಕ್ಕೆ 6ರಂತೆ 18 ರೂಪಾಯಿ, ಭಿಕ್ಷುಕರ ಕರ ನೂರಕ್ಕೆ 3ರಂತೆ 9 ರೂಪಾಯಿ. ಉಪಕರಗಳೇ ಒಟ್ಟು 102 ರೂಪಾಯಿ. ಅಜ್ಜಿ ಭಿಕ್ಷುಕರ ಕರ ಅಂದ ಕೂಡಲೇ ನಕ್ಕುಬಿಟ್ಟರು. "ನಾನೇ ನಾಳೆ ತಿರುಪೆಗೆ ಹೋಗೋ ಹಂಗಿವ್ನಿ, ನನ್ ಕೈಲೇ ಭಿಕ್ಷುಕರ ದುಡ್ಡು ಈಸ್ಕತಾರಾ?" ಅಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆದರೆ ರಾತ್ರಿ ಮನೆಗೆ ಬಂದು ನನ್ನ ರಸೀದಿ ಹುಡುಕಿ ತೆಗೆದಾಗ ನಗು ನಿಂತು ಹೋಯಿತು. ನನ್ನ ಮನೆಯ ಮೂಲ ಕಂದಾಯ 150, ಉಪಕರ 51, ಒಟ್ಟು 201 ರೂಪಾಯಿ. ನನ್ನ ಮನೆ ಅಜ್ಜಿಯ ಮನೆಯ ನಾಲ್ಕರಷ್ಟು ದೊಡ್ಡದು. ಅಜ್ಜಿಯ ಕಂದಾಯ ನನ್ನ ಕಂದಾಯದ ಎರಡರಷ್ಟು ದೊಡ್ಡದು!

ಇದು ಹೇಗಾಯಿತು? ಯಾರೂ ಲಂಚ ಕೊಟ್ಟಿರಲಿಲ್ಲ, ಯಾರೂ ತೆಗೆದುಕೊಂಡಿರಲಿಲ್ಲ. ಅಜ್ಜಿಯ ಮನೆ ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿದ್ದು. ಹೊಸದಾಗಿ ಕಟ್ಟಿದ್ದರಿಂದ ಹೊಸದಾಗಿ ಅಳೆದು, ತಾರಸಿ ಮನೆ ಅಂತ ಪಟ್ಟಿಗೆ ಸೇರಿಸಿದ್ದರು. ನನ್ನ ಮನೆ ಮಾತ್ರ ಪಟ್ಟಿಯಲ್ಲಿ ಇನ್ನೂ ಅಪ್ಪನ ಐದು ಚದರದ ನಾಡಹೆಂಚಿನ ಮನೆಯಾಗಿಯೇ ಉಳಿದಿತ್ತು. ಹೆಂಚು ಹೋಗಿ ತಾರಸಿ ಬಂದರೂ ಪುಸ್ತಕಕ್ಕೆ ಗೊತ್ತಿಲ್ಲ. ನಾನೂ ಹೋಗಿ ಹೇಳಿರಲಿಲ್ಲ. ಗೊತ್ತಿರಲಿಲ್ಲ ಅಂತ ಹೇಳಿದರೆ ಅರ್ಧ ಸುಳ್ಳು. ವರ್ಷಾವರ್ಷ 201 ರೂಪಾಯಿ ಕಟ್ಟುವಾಗ ಇದೇನು ಇಷ್ಟು ಕಡಿಮೆ ಅಂತ ಒಂದು ಸಲವಾದರೂ ಅನ್ನಿಸಿರಬೇಕು. ಕೇಳಿದರೆ ಏರಿಸಿಬಿಡುತ್ತಾರೆ ಅಂತ ಸುಮ್ಮನಿದ್ದೆ.

ಈಗ 2022ರ ಗ್ರಾಮಸಭೆಯನ್ನು ನೆನಪು ಮಾಡಿಕೊಳ್ಳಿ. ಆವತ್ತು ದರ ನೂರಕ್ಕೆ ಇಪ್ಪತ್ತು ಏರಿದ್ದರೆ ಮೂಲ ಕಂದಾಯದಲ್ಲಿ ಅಜ್ಜಿಗೆ 60 ರೂಪಾಯಿ ಜಾಸ್ತಿಯಾಗುತ್ತಿತ್ತು, ನನಗೆ 30 ರೂಪಾಯಿ. ಏರಿಸದೆ ಹೋದದ್ದರಿಂದ ಅಜ್ಜಿಗೆ ಏನಾದರೂ ನ್ಯಾಯ ಸಿಕ್ಕಿತೇ? ಅದೂ ಇಲ್ಲ. ತಪ್ಪು ಪಟ್ಟಿಯ ಮೇಲೆ ಏರಿಸಿದರೂ ಸಣ್ಣ ಮನೆಗೇ ಏಟು, ಏರಿಸದಿದ್ದರೂ ದೊಡ್ಡ ಮನೆಗೇ ಲಾಭ. ನಾನು ಬಡವರ ಹೆಸರು ಹೇಳಿ ಕೂಗಿದ್ದು ನನ್ನ ಮನೆ ಪುಸ್ತಕದ ಮರೆಯಲ್ಲಿ ಉಳಿಯಲಿ ಅಂತಲೇ ಆಯಿತಲ್ಲ!

ಇದನ್ನೆಲ್ಲ ನಮ್ಮ ಮನೆಯವಳ ಹತ್ತಿರ ಹೇಳಿಕೊಂಡೆ. ಅವಳು ಒಂದೇ ಮಾತು ಹೇಳಿದಳು: "ದಿನಾ ಎರಡು ಹೊತ್ತು ನಿಂತು ಊರೋರ ಹಾಲು ಅಳೀತೀರಿ. ನಮ್ಮನೆ ಅಳತೆ ಯಾಕ್ ಬಿಟ್ರಿ?"

ಆ ಮಾತು ಚುಚ್ಚಿತು. ಮಾರನೇ ವಾರ ಪಂಚಾಯಿತಿಗೆ ಹೋಗಿ, ನನ್ನ ಮನೆ ಹೊಸದಾಗಿ ಅಳೆಯಿರಿ ಅಂತ ಅರ್ಜಿ ಕೊಟ್ಟೆ. ಬಿಲ್ ಕಲೆಕ್ಟರು ಅರ್ಜಿಯನ್ನು ಎರಡು ಸಲ ಓದಿದರು. ಕಂದಾಯ ಇಳಿಸಿ ಅಂತ ಬರುವವರನ್ನು ನೋಡಿದ್ದೇವೆ, ಅಳೆಯಿರಿ ಅಂತ ಬಂದವರು ನೀವೇ ಮೊದಲು ಅಂದರು. ಟೇಪು ಹಿಡಿದು ಅಳೆದರು. ನಮ್ಮ ಪಂಚಾಯಿತಿಯಲ್ಲಿ ಆಗ ತಾರಸಿ ಮನೆಗೆ ಚದರಕ್ಕೆ 60 ರೂಪಾಯಿ, ಹೆಂಚಿನ ಮನೆಗೆ 30 ರೂಪಾಯಿಯ ಲೆಕ್ಕ ಬೀಳುತ್ತಿತ್ತು. ಹದಿನೈದು ಚದರಕ್ಕೆ ಮೂಲ ಕಂದಾಯ 900, ಉಪಕರ 306, ಒಟ್ಟು 1,206 ರೂಪಾಯಿ. 201 ಇದ್ದದ್ದು 1,206 ಆಯಿತು.

ತಮ್ಮ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. "ಊರೆಲ್ಲ ಸುಮ್ಮನಿರುವಾಗ ನಿನಗೊಬ್ಬನಿಗೇ ಯಾಕಣ್ಣ ಈ ಧರ್ಮರಾಯನ ಅವತಾರ?" ಅಂದ. ಟೀ ಅಂಗಡಿಯಲ್ಲಿ ಕೆಲವರು, ಇವನು ಮುಂದಿನ ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುತ್ತಾನೆ ಅಂತ ಆಡಿಕೊಂಡರು. ಇನ್ನು ಕೆಲವರಿಗೆ ಬೇರೆ ಭಯ: ಇವನ ಮನೆ ಅಳೆದರೆ ನಾಳೆ ನಮ್ಮ ಮನೆಗೂ ಟೇಪು ಬರುತ್ತದೆ ಅಂತ. ಅವರ ಭಯ ನಿಜ. ಬರಲೇಬೇಕು.

ಅದೇ ದಿನ ಅಜ್ಜಿಯ ಮನೆಯನ್ನೂ ಅಳೆಯಿಸಿದೆ. ಪುಸ್ತಕದಲ್ಲಿ ಐದು ಚದರ ಅಂತ ಇತ್ತು. ಮನೆ ಇದ್ದದ್ದು ಮೂರೂವರೆ ಚದರ. ಉಳಿದ ಒಂದೂವರೆ ಚದರ ಹಸು ಕಟ್ಟುವ ಕೊಟ್ಟಿಗೆ. ಅದನ್ನೂ ವಾಸದ ತಾರಸಿ ಮನೆ ಅಂತಲೇ ಬರೆದುಬಿಟ್ಟಿದ್ದರು! ಅರ್ಜಿ ಬರೆದುಕೊಟ್ಟು, ಮೂರು ತಿಂಗಳು ಓಡಾಡಿದ ಮೇಲೆ ತಿದ್ದಿದರು. ಅಜ್ಜಿಯ ಮೂಲ ಕಂದಾಯ 210 ಆಯಿತು, ಉಪಕರ ಸೇರಿ 281 ರೂಪಾಯಿ 40 ಪೈಸೆ. ವರ್ಷಕ್ಕೆ ಉಳಿದದ್ದು 120 ರೂಪಾಯಿ ಚಿಲ್ಲರೆ. ದೊಡ್ಡ ಮೊತ್ತವಲ್ಲ ಅನ್ನಬೇಡಿ. ಒಂದು ಹಸುವಿನ ಮೇಲೆ ಬದುಕುವವರಿಗೆ ಅದು ಮೂರು ನಾಲ್ಕು ದಿನದ ಬೂಸಾದ ದುಡ್ಡು.

ಈಗ ಕಾಯಿದೆಯ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ಮನೆ ಕಂದಾಯ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗೆ ಬಂದಿರುವುದು 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯ 199ನೇ ಪ್ರಕರಣದಿಂದ. ಪಂಚಾಯಿತಿ ವ್ಯಾಪ್ತಿಯ ಕಟ್ಟಡಗಳಿಗೂ, ವ್ಯವಸಾಯದ ಕಂದಾಯಕ್ಕೆ ಒಳಪಡದ ಜಾಗಕ್ಕೂ ತೆರಿಗೆ ಹಾಕಬೇಕು ಅಂತ ಅದು ಹೇಳುತ್ತದೆ. ಹೊಲ ಗದ್ದೆಯ ಕಂದಾಯ ಬೇರೆ, ಅದು ಕಂದಾಯ ಇಲಾಖೆಗೆ ಸೇರಿದ್ದು, ಅದಕ್ಕೆ ಪಹಣಿ. ಊರೊಳಗಿನ ಮನೆಗೆ ಪಂಚಾಯಿತಿ, ಅದಕ್ಕೆ ಖಾತೆ. ಇವೆರಡನ್ನೂ ಬೆರೆಸಿಕೊಂಡು ಎಷ್ಟೋ ಜನ "ನಾನು ಪಹಣಿಯ ಕಂದಾಯ ಕಟ್ಟಿದ್ದೀನಲ್ಲ" ಅಂತ ವಾದ ಮಾಡುತ್ತಾರೆ.

ಪಂಚಾಯಿತಿಯವರು ಮನಸ್ಸಿಗೆ ಬಂದಷ್ಟು ದರ ಹಾಕುವ ಹಾಗೂ ಇಲ್ಲ. ಅದೇ ಕಾಯಿದೆಯ ನಾಲ್ಕನೇ ಅನುಸೂಚಿಯಲ್ಲಿ ಗರಿಷ್ಠ ಮಿತಿ ಇದೆ. ಆ ಮಿತಿಯೊಳಗೆ ಪಂಚಾಯಿತಿ ಸಭೆ ತೀರ್ಮಾನ ಮಾಡಬೇಕು. ಹಾಗಾಗಿ ಒಂದು ಊರಿನ ದರ ಪಕ್ಕದ ಊರಿನಲ್ಲಿ ಇರಬೇಕಾಗಿಲ್ಲ. ನಾನು ಹೇಳಿದ 60, 30 ನಮ್ಮ ಲೆಕ್ಕ. ನಿಮ್ಮ ನೆಂಟರ ಊರಿನಲ್ಲಿ ಬೇರೆ ಇರಬಹುದು. ಸಂಶಯ ಬಂದರೆ ಆ ಸಭೆಯ ನಡವಳಿಯನ್ನು ಕೇಳಿ ನೋಡಿ, ಅದು ನಿಮ್ಮ ಹಕ್ಕು. ನೀರಿನ ದರ ಕೂಡ ಬೇರೆ. ನಲ್ಲಿಯ ಬಿಲ್ಲು ಕಟ್ಟಿದರೆ ಮನೆ ಕಂದಾಯ ಕಟ್ಟಿದ ಹಾಗಲ್ಲ.

ಉಪಕರದ ಮಾತು ಬಂತಲ್ಲ, ಅದನ್ನೂ ತಿಳಿದಿರಬೇಕು. ಆ ನೂರಕ್ಕೆ 34 ರೂಪಾಯಿ ಪಂಚಾಯಿತಿಯ ಸ್ವಂತ ಖರ್ಚಿಗೆ ಉಳಿಯುವುದಲ್ಲ, ಆಯಾ ಬಾಬ್ತಿಗೆ ಹೋಗಬೇಕಾದ್ದು. ಊರಿನ ನೀರುಗಂಟಿಗೆ ಸಂಬಳ, ಸುಟ್ಟುಹೋದ ಬಲ್ಬು, ಚರಂಡಿಯ ಹೂಳು, ಇದಕ್ಕೆಲ್ಲ ಆಸರೆಯಾಗುವುದು ಮೂಲ ಕಂದಾಯ. ಸರ್ಕಾರದ ಅನುದಾನ ಬರುತ್ತದಲ್ಲ ಅನ್ನುತ್ತೀರಿ. ಬರುತ್ತದೆ, ಆದರೆ ಅದಕ್ಕೆ ಕಟ್ಟುಪಾಡು ಇರುತ್ತದೆ. ಹದಿನೈದನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಪಂಚಾಯಿತಿಗಳಿಗೆ ಬಂದದ್ದರ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕು ಅಂತ ಷರತ್ತು ಇತ್ತು. ನಮ್ಮ ಊರಿಗೆ ಏನು ಬೇಕೋ ಅದಕ್ಕೆ ನಾವೇ ಖರ್ಚು ಮಾಡಬಹುದಾದ ದುಡ್ಡು ಅಂದರೆ ನಾವೇ ಕಟ್ಟಿದ ದುಡ್ಡು. ಸಂಘದಲ್ಲಿ ಷೇರು ಹಣ ಇದ್ದ ಹಾಗೆ ಅದು.

ಲೆಕ್ಕ ಹಾಕಿ ನೋಡಿ. ನನ್ನ ಮನೆ ತಪ್ಪು ಅಳತೆಯಲ್ಲಿ ಇದ್ದದ್ದರಿಂದ ಪಂಚಾಯಿತಿಗೆ ಮೂಲ ಕಂದಾಯದಲ್ಲಿ ವರ್ಷಕ್ಕೆ 750 ರೂಪಾಯಿ ಖೋತಾ. ಇಂಥ ಮನೆ ಊರಿನಲ್ಲಿ ಐವತ್ತು ಇವೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 37,500 ರೂಪಾಯಿ. ಆ ದುಡ್ಡು ಬರಲಿಲ್ಲ ಅಂದರೆ ಪಂಚಾಯಿತಿ ಏನು ಮಾಡುತ್ತದೆ? ಒಂದೋ ಬೀದಿ ದೀಪ ಉರಿಯುವುದಿಲ್ಲ, ಇಲ್ಲವೋ ಎಲ್ಲರ ದರ ಏರಿಸುತ್ತದೆ. ದರ ಏರಿದರೆ ಸರಿಯಾಗಿ ಅಳತೆಯಾಗಿರುವ ಮನೆಯವರೇ ಹೊರೆ ಹೊರಬೇಕು. ಅಂದರೆ ನಾನು ಉಳಿಸಿಕೊಂಡ ದುಡ್ಡು ಅಜ್ಜಿಯ ಸೆರಗಿನ ಗಂಟಿನಿಂದ ಬಂದದ್ದು.

ಇಲ್ಲಿ ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮನೆ ಕಂದಾಯ ಮನೆಯನ್ನು ನೋಡುತ್ತದೆ, ಜೇಬನ್ನು ನೋಡುವುದಿಲ್ಲ. ಮಳೆ ಬಂದ ವರ್ಷವೂ ಅಷ್ಟೇ, ಬರ ಬಿದ್ದ ವರ್ಷವೂ ಅಷ್ಟೇ. ಹಿರಿಯರು ಕಟ್ಟಿದ ದೊಡ್ಡ ತೊಟ್ಟಿ ಮನೆಯಲ್ಲಿ ಇಬ್ಬರೇ ಮುದುಕರು ಇದ್ದಾರೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆ ದೊಡ್ಡದು, ಆದಾಯ ವೃದ್ಧಾಪ್ಯ ವೇತನ. ಅವರಿಗೆ ಒಂದೇ ಸಲ ಕಂದಾಯ ಐದು ಪಟ್ಟು ಆದರೆ ಎಲ್ಲಿಂದ ತರಬೇಕು? ಹತ್ತು ವರ್ಷ ಪಟ್ಟಿಯನ್ನೇ ಮುಟ್ಟದೆ ಇದ್ದು, ಹನ್ನೊಂದನೇ ವರ್ಷ ಬುಡಕ್ಕೇ ಕೊಡಲಿ ಹಾಕುವುದು ಆಡಳಿತವಲ್ಲ. ಆಗಾಗ ಅಳೆದು, ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ ಬಂದರೆ ಯಾರಿಗೂ ನೋವಾಗುವುದಿಲ್ಲ. ನಮ್ಮ ಪಂಚಾಯಿತಿಯ ಸದಸ್ಯರೂ ಇಲ್ಲಿ ಕುಳಿತಿದ್ದಾರೆ, ಅವರಿಗೆ ಇದು ನನ್ನ ಮನವಿ.

ಕಂದಾಯ ಅಂದರೆ ನಮಗೆ ಯಾಕಿಷ್ಟು ಸಿಟ್ಟು? ನಮ್ಮ ಅಜ್ಜಿ ಹೇಳುತ್ತಿದ್ದರು, ಹಿಂದೆ ಬಾಕಿ ಉಳಿದರೆ ಹಿತ್ತಾಳೆ ಹಂಡೆ ಎತ್ತಿಕೊಂಡು ಹೋಗಿ ಜಪ್ತಿ ಮಾಡುತ್ತಿದ್ದರಂತೆ. ಆ ಭಯ, ಆ ಸಿಟ್ಟು ನಮ್ಮ ರಕ್ತದಲ್ಲೇ ಇಳಿದು ಬಂದಿದೆ. ಕೈಯಿಂದ ಎಣಿಸಿ ಕೊಡುವ ತೆರಿಗೆ ಇದೊಂದೇ, ಅದಕ್ಕೇ ಕಣ್ಣಿಗೆ ಕಾಣುತ್ತದೆ. ಕಾಣದೆ ಕೊಡುವುದು ಎಷ್ಟು ಗೊತ್ತೇ? ನಾನು ಮನೆ ಕಟ್ಟುವಾಗ ಸಿಮೆಂಟಿಗೆ ನೂರಕ್ಕೆ 28 ರೂಪಾಯಿ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿಯಿತು. ಮೂಟೆಯ ಮೂಲ ಬೆಲೆ 300 ಅಂತ ಹಿಡಿದರೂ ಆಗ ಒಂದು ಮೂಟೆಯ ಮೇಲೆ 84 ರೂಪಾಯಿ ತೆರಿಗೆ. ಐದು ಮೂಟೆಗೆ 420. ಅಜ್ಜಿಯ ಒಂದು ವರ್ಷದ ಕಂದಾಯಕ್ಕಿಂತ ಜಾಸ್ತಿ! ನನ್ನ ಹಳೇ ಕಂದಾಯ ಮೂರು ಮೂಟೆ ಸಿಮೆಂಟಿನ ತೆರಿಗೆಗೂ ಸಮವಿರಲಿಲ್ಲ. ಸಿಮೆಂಟ್ ಅಂಗಡಿಯಲ್ಲಿ ತುಟಿ ಪಿಟಕ್ಕೆನ್ನದೆ ಕೊಟ್ಟು ಬಂದವನು ಊರ ಪಂಚಾಯಿತಿಗೆ ಬಂದು ಮೇಜು ಕುಟ್ಟಿದೆ. ಪಂಚಾಯಿತಿಯ ಲೆಕ್ಕವನ್ನಾದರೆ ನಾವು ಎದುರಿಗೆ ನಿಂತು ಕೇಳಬಹುದು. ಸಿಮೆಂಟಿನ ತೆರಿಗೆಯ ಲೆಕ್ಕ ಯಾರನ್ನು ಕೇಳೋಣ?

ಲೆಕ್ಕ ಕೇಳುವುದಕ್ಕೆ ದಾರಿಯೂ ಇದೆ. ಗ್ರಾಮಸಭೆ ಒಂದು. ಇನ್ನೊಂದು ಜಮಾಬಂದಿ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕಪುಸ್ತಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲನೆ ಮಾಡಬೇಕು ಅಂತ ಜಮಾಬಂದಿಯ ನಿಯಮಗಳು ಬಂದದ್ದು 2000ದಲ್ಲಿ, ನಮ್ಮ ಸಂಘ ಹುಟ್ಟಿದ ವರ್ಷವೇ. ಸಂಘದ ವಾರ್ಷಿಕ ಮಹಾಸಭೆಗೆ ನಾವೆಲ್ಲ ಬರುತ್ತೇವೆ, ಬೋನಸ್ ಎಷ್ಟು, ಬೂಸಾ ಲಾಭ ಎಷ್ಟು ಅಂತ ಕಾರ್ಯದರ್ಶಿಯವರ ಬೆವರಿಳಿಸುತ್ತೇವೆ. ಜಮಾಬಂದಿಗೆ ಎಷ್ಟು ಜನ ಹೋಗುತ್ತೇವೆ? ಕಳೆದ ಸಲ ಹೋದಾಗ ಕುರ್ಚಿಗಳೇ ಜಾಸ್ತಿ ಇದ್ದವು. ಬೀದಿ ದೀಪ ಉರಿಯದಿದ್ದರೆ ಕಂದಾಯ ನಿಲ್ಲಿಸುವುದು ದಾರಿಯಲ್ಲ. ರಸೀದಿ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೇಳಬೇಕು. ಕಟ್ಟಿದವನ ದನಿಗೆ ಇರುವ ತೂಕ ಬಾಕಿದಾರನ ದನಿಗೆ ಇರುವುದಿಲ್ಲ.

ಕಟ್ಟದೆ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೂ ನಮ್ಮ ಕಣ್ಣ ಮುಂದೆ ಉದಾಹರಣೆ ಇದೆ. ನಮ್ಮ ಸದಸ್ಯರೊಬ್ಬರು ಮಗಳ ಮದುವೆಗೆ ಒಂದು ನಿವೇಶನ ಮಾರಲು ಹೋದರು. ಗಿರಾಕಿ ಸಿಕ್ಕಿದ, ಮುಂಗಡವೂ ಆಯಿತು. ನೋಂದಣಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು ಅಂದರು. 2013ರಲ್ಲಿ ಇ-ಸ್ವತ್ತು ಬಂದ ಮೇಲೆ ಕೈಬರಹದ ಖಾತೆ ನಡೆಯುವುದಿಲ್ಲ. ಪಂಚಾಯಿತಿಗೆ ಹೋದರೆ ಖಾತೆ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದೆ, ಹದಿನಾಲ್ಕು ವರ್ಷದ ಕಂದಾಯ ಬಾಕಿ. ಮರಣ ಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ, ನಕ್ಷೆ, ಬಾಕಿ ಎಲ್ಲ ಮುಗಿಯುವ ಹೊತ್ತಿಗೆ ಮದುವೆ ಮುಗಿದಿತ್ತು, ಕೈಸಾಲದ ಬಡ್ಡಿ ಮಾತ್ರ ಉಳಿದಿತ್ತು. ವರ್ಷಕ್ಕೆ ಇನ್ನೂರು ಮುನ್ನೂರು ಉಳಿಸಿದ್ದು ಎಷ್ಟು ದುಬಾರಿಯಾಯಿತು ನೋಡಿ.

ಆದರೆ ಒಂದು ಎಚ್ಚರ. ಕಂದಾಯ ಕಟ್ಟಿದ ರಸೀದಿ ಇದೆ ಅಂತ ಜಾಗ ನಮ್ಮದಾಗುವುದಿಲ್ಲ. ರಸೀದಿ ಕಂದಾಯ ಕಟ್ಟಿದ್ದಕ್ಕೆ ಸಾಕ್ಷಿ, ಹಕ್ಕಿಗೆ ಆಧಾರ ಕ್ರಯಪತ್ರ, ವಿಭಾಗಪತ್ರ, ಹಕ್ಕುಪತ್ರಗಳು. ಎರಡನ್ನೂ ಜೋಪಾನ ಮಾಡಿ ಇಟ್ಟುಕೊಳ್ಳಿ. ರಸೀದಿಯನ್ನು ಸೂರಿನ ಗಳದಲ್ಲಿ ಸಿಕ್ಕಿಸಿ ಗೆದ್ದಲಿಗೆ ಕೊಡಬೇಡಿ.

ಇನ್ನು ಮುಂದೆ ಅಳತೆ ತಪ್ಪಿಸಿಕೊಳ್ಳುವ ಕಾಲವೂ ಅಲ್ಲ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಶುರು ಮಾಡಿತು. ಗ್ರಾಮಠಾಣದ ಮೇಲೆ ಡ್ರೋನ್ ಹಾರಿಸಿ ಮನೆ ಮನೆಯ ಗಡಿ ಗುರುತಿಸುವ ಯೋಜನೆ. ಮೊದಲ ಹಂತದಲ್ಲೇ ಕರ್ನಾಟಕವೂ ಸೇರಿತ್ತು. ಮನೆಯವರಿಗೆ ಆಸ್ತಿಯ ದಾಖಲೆ ಕೊಡುವುದು ಅದರ ಒಂದು ಉದ್ದೇಶ, ಪಂಚಾಯಿತಿಗಳಿಗೆ ಆಸ್ತಿ ತೆರಿಗೆ ನಿಗದಿ ಮಾಡಲು ಅನುಕೂಲ ಮಾಡಿಕೊಡುವುದು ಇನ್ನೊಂದು ಉದ್ದೇಶ. ಆಕಾಶದಿಂದ ನೋಡುವ ಕಣ್ಣಿಗೆ ನಾಡಹೆಂಚೋ ತಾರಸಿಯೋ ಗೊತ್ತಾಗದೆ ಇರುತ್ತದೆಯೇ? ಹಾಗೆ ಬಂದ ಅಳತೆಯಲ್ಲೂ ತಪ್ಪು ಇರಬಹುದು. ಅದಕ್ಕೇ ನಮ್ಮ ಮನೆಯ ಅಳತೆ ನಮಗೆ ಗೊತ್ತಿರಬೇಕು.

ಆದ್ದರಿಂದ ಬೆಳ್ಳಿಹಬ್ಬದ ಈ ಸಭೆಯಲ್ಲಿ ಮೂರು ಕೆಲಸ ಮಾಡೋಣ ಅಂತ ಕೇಳಿಕೊಳ್ಳುತ್ತೇನೆ.

ಒಂದು, ಪ್ರತಿಯೊಬ್ಬರೂ ಮನೆಗೆ ಹೋಗಿ ರಸೀದಿ ತೆಗೆದು ನೋಡಿ. ಖಾತೆ ಯಾರ ಹೆಸರಲ್ಲಿದೆ, ಎಷ್ಟು ಚದರ ಬರೆದಿದ್ದಾರೆ, ಮಾಡು ಯಾವುದು ಅಂತ ಬರೆದಿದ್ದಾರೆ, ವಾಸಕ್ಕೋ ಅಂಗಡಿಗೋ, ಕೊಟ್ಟಿಗೆಯನ್ನು ಮನೆಯ ಜೊತೆ ಸೇರಿಸಿದ್ದಾರೆಯೇ. ಹಸು ಕಟ್ಟುವವರು ನಾವು, ಕೊಟ್ಟಿಗೆಯ ವಿಷಯವನ್ನು ವಿಶೇಷವಾಗಿ ನೋಡಬೇಕು. ತಪ್ಪಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಓದು ಬರಹ ಬಾರದವರಿಗೆ ಸಂಜೆ ಹಾಲಿನ ಹೊತ್ತಿನಲ್ಲಿ ನಾನು ಬರೆದುಕೊಡುತ್ತೇನೆ.

ಎರಡು, ಹದಿನೈದು ದಿನದ ಬಟವಾಡೆಯಲ್ಲಿ ಇಷ್ಟ ಇದ್ದವರು ಒಂದಿಷ್ಟು ಎತ್ತಿಡೋಣ. ನನ್ನ 1,206 ರೂಪಾಯಿಯನ್ನೇ ವರ್ಷದ 24 ಬಟವಾಡೆಗೆ ಹಂಚಿದರೆ ಒಂದು ಸಲಕ್ಕೆ 50 ರೂಪಾಯಿ ಚಿಲ್ಲರೆ, ಒಂದೆರಡು ಲೀಟರ್ ಹಾಲಿನ ದುಡ್ಡು. ಅಜ್ಜಿಗಾದರೆ 12 ರೂಪಾಯಿ. ಒಟ್ಟಿಗೆ ಕಟ್ಟುವಾಗ ಬೆಟ್ಟ, ಬಿಡಿಯಾಗಿ ಇಟ್ಟರೆ ಕಡ್ಡಿ. ಸದಸ್ಯರ ಒಪ್ಪಿಗೆ ಪತ್ರ ಇಲ್ಲದೆ ಸಂಘ ಒಂದು ಪೈಸೆ ಹಿಡಿಯಬಾರದು, ಅದು ಖಂಡಿತ. ಇದನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ.

ಮೂರನೆಯದು ಸ್ವಲ್ಪ ಕಷ್ಟದ್ದು. ದೊಡ್ಡ ಮನೆ ಕಟ್ಟಿ ಸಣ್ಣ ಮನೆಯ ಕಂದಾಯ ಕಟ್ಟುತ್ತಿರುವವರು ನಾವೇ ಹೋಗಿ ಅಳೆಯಿಸೋಣ. ಇದುವರೆಗೆ ನಾಲ್ಕು ಮನೆಯವರು ಅರ್ಜಿ ಕೊಟ್ಟಿದ್ದಾರೆ. ಅದರಲ್ಲಿ ಒಬ್ಬ, ನನ್ನ ಜೊತೆ ಮಾತು ಬಿಟ್ಟಿದ್ದ ತಮ್ಮನ ಬೀಗರು! ಈಗ ತಮ್ಮನೂ ಮಾತಾಡುತ್ತಾನೆ, ಬೈಯುತ್ತಲೇ ಮಾತಾಡುತ್ತಾನೆ. ಎಲ್ಲರ ಮನೆಯೂ ಸರಿಯಾಗಿ ಅಳತೆಯಾದ ಮೇಲೆ ಗ್ರಾಮಸಭೆಗೆ ಹೋಗೋಣ. ಆಗ ದರ ಇಳಿಸಿ ಅಂತ ಕೇಳುವ ಹಕ್ಕು ನಮಗಿರುತ್ತದೆ, ಕೇಳಿದರೆ ಅರ್ಥವೂ ಇರುತ್ತದೆ. ಆವತ್ತು ಮತ್ತೆ ನಾನೇ ಮೊದಲು ಮಾತಾಡುತ್ತೇನೆ, ಮೇಜು ಮಾತ್ರ ಕುಟ್ಟುವುದಿಲ್ಲ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆಮೇಲೆ ನಾಡಿನ ಹಳ್ಳಿ ಹಳ್ಳಿಯಲ್ಲಿ ಸಂಘಗಳು ಬಂದವು. ಅವು ನಿಂತಿರುವುದು ಸರ್ಕಾರದ ದುಡ್ಡಿನ ಮೇಲಲ್ಲ, ಎಲ್ಲರಿಗೂ ಒಂದೇ ಲೆಕ್ಕ ಅನ್ನುವ ನಂಬಿಕೆಯ ಮೇಲೆ. ಇಪ್ಪತ್ತೈದು ವರ್ಷ ನಮ್ಮ ಸಂಘದ ಕಟ್ಟೆಯ ಮೇಲೆ ನಡೆಸಿಕೊಂಡು ಬಂದ ಅದೇ ಲೆಕ್ಕವನ್ನು ಊರ ಬೀದಿಗೂ ತರೋಣ.

ಕೊನೆಮನೆ ಅಜ್ಜಿ ಅಲ್ಲಿ ಹಿಂದೆ ಕಂಬಕ್ಕೆ ಒರಗಿ ಕುಳಿತಿದ್ದಾರೆ. ಈ ಮಾತೆಲ್ಲ ಹೇಳಬಹುದೇ ಅಂತ ನಿನ್ನೆ ಅವರನ್ನು ಕೇಳಿದೆ. "ಹೇಳಪ್ಪ, ನಂದೇನು ಹೋಯ್ತದೆ? ಆದ್ರೆ ಈ ಸಲದ ರಸೀತೀನೂ ಓದಿ ಹೇಳ್ಬೇಕು" ಅಂದರು. ಸಭೆ ಮುಗಿದ ಮೇಲೆ ಓದುತ್ತೇನೆ ಅಜ್ಜಿ.